ಚಾಂಗಾನ್‌ನಿಂದ ಮಾವೇಗೆ: ಶ್ವಾನ್‌ಜೋಂಗ್ ಓಡಿಹೋದ ದಾರಿ

ಶೀಆನ್‌ಗೆ ಹೋಗಿ ಬಂದೆ ಅಂದರೆ ಎಲ್ಲರೂ ಮೊದಲು ಕೇಳುವುದು ಮಣ್ಣಿನ ಸೈನಿಕರ ಬಗ್ಗೆ. ನೋಡಿದೆ, ನೋಡಲೇಬೇಕಾದದ್ದೇ. ಆದರೆ ನಾನು ಅಷ್ಟು ದೂರ ಹೋದದ್ದು ಆ ಸೈನ್ಯ ಮಾಡಿಸಿದ ಚಿನ್ ದೊರೆಗಾಗಿ ಅಲ್ಲ. ಅವನು ಸತ್ತು 900 ವರ್ಷ ದಾಟಿದ ಮೇಲೆ ಇದೇ ಸೀಮೆಯಿಂದ ಚೀನಾ ಆಳಿದ ಇನ್ನೊಬ್ಬನಿಗಾಗಿ. ಹೆಸರು ಶ್ವಾನ್‌ಜೋಂಗ್, ಟಾಂಗ್ ವಂಶದವನು. 712ರಿಂದ 756ರವರೆಗೆ 44 ವರ್ಷ ಸಿಂಹಾಸನದಲ್ಲಿದ್ದ. ಆ ವಂಶದಲ್ಲಿ ಅಷ್ಟು ಕಾಲ ಆಳಿದವರು ಬೇರೆ ಯಾರೂ ಇಲ್ಲ.

ಹೆಸರು ಕೇಳಿ ನಮ್ಮ ಪಾಠದ ಹ್ಯೂಯೆನ್ ತ್ಸಾಂಗ್ ನೆನಪಾಗಬಹುದು. ಅವರು ಬೇರೆ. ಇಮ್ಮಡಿ ಪುಲಕೇಶಿಯ ರಾಜ್ಯ ನೋಡಿ ಬರೆದ ಆ ಭಿಕ್ಷು ತೀರಿಕೊಂಡದ್ದು 664ರಲ್ಲಿ. ಈ ದೊರೆ ಹುಟ್ಟಿದ್ದೇ 685ರಲ್ಲಿ.

ಕೆಟ್ಟ ರಾಜ ಹಾಳಾಗಿ ಹೋದರೆ ಯಾರಿಗೂ ಆಶ್ಚರ್ಯ ಆಗುವುದಿಲ್ಲ. ಇವನು ಒಳ್ಳೆಯ ರಾಜ, ಜಾಣ, ಧೈರ್ಯವಂತ. ಸಂಗೀತ ಗೊತ್ತಿತ್ತು, ಅಣ್ಣತಮ್ಮಂದಿರ ಮೇಲೆ ಪ್ರೀತಿ ಇತ್ತು. ಚೀನಾದ ಜನ ಇವತ್ತಿಗೂ ಹೆಮ್ಮೆಯಿಂದ ಹೇಳಿಕೊಳ್ಳುವ ಕಾಲ ಅವನದು. ಅಂಥವನು 70ರ ವಯಸ್ಸಿನಲ್ಲಿ, ಬೆಳಕು ಹರಿಯುವ ಮೊದಲೇ, ಊರಿನ ಜನಕ್ಕೆ ಒಂದು ಮಾತೂ ಹೇಳದೆ ಅರಮನೆ ಬಿಟ್ಟು ಓಡಿಹೋದ. ಇದು ಹೇಗಾಯಿತು ಅನ್ನುವುದು ನನ್ನನ್ನು ಬಹಳ ಕಾಲದಿಂದ ಕಾಡುತ್ತಿತ್ತು. ಅವನ ಅರಮನೆ, ಅವನ ಬಿಸಿನೀರಿನ ಬುಗ್ಗೆ, ಅವನು ಓಡಿದ ದಾರಿ, ಅವನ ಸಮಾಧಿ, ಎಲ್ಲವೂ ಶೀಆನ್ ಸುತ್ತಮುತ್ತಲೇ ಇವೆ. ಒಂದಾದ ಮೇಲೊಂದು ನೋಡಿಕೊಂಡು ಹೋಗೋಣ ಅಂತ ಹೊರಟೆ.

ಆಗ ಈ ಊರಿನ ಹೆಸರು ಚಾಂಗಾನ್. 84 ಚದರ ಕಿಲೋಮೀಟರ್ ವಿಸ್ತಾರ. ಈಗ ಪ್ರವಾಸಿಗರು ಸೈಕಲ್ ಹೊಡೆಯುವ ಕೋಟೆ ಗೋಡೆ ಆ ಕಾಲದ್ದಲ್ಲ. ಅದು ಆಮೇಲೆ ಮಿಂಗ್ ದೊರೆಗಳು ಕಟ್ಟಿಸಿದ್ದು. ಆ ಗೋಡೆಯ ಒಳಗಿರುವುದು ಟಾಂಗ್ ಕಾಲದ ಊರಿನ ಏಳನೇ ಒಂದು ಭಾಗದಷ್ಟು ಮಾತ್ರ! ಹಳೆಯ ಚಾಂಗಾನ್ ಎಷ್ಟು ದೊಡ್ಡದಿತ್ತು ಅಂತ ಗೋಡೆಯ ಮೇಲೆ ಒಂದು ಸುತ್ತು ಹಾಕಿ ಸುಸ್ತಾದ ಮೇಲೆ ಅಂದಾಜಾಗುತ್ತದೆ. ಊರಿನ ನಡುವೆ ಗಂಟೆಗೋಪುರದ ಪಕ್ಕದಲ್ಲಿ ಕಾಯ್‌ಯುವಾನ್ ಅನ್ನುವ ದೊಡ್ಡ ಮಾಲ್ ಇದೆ. ಅದು ಶ್ವಾನ್‌ಜೋಂಗ್ ಆಳ್ವಿಕೆಯ ಮೊದಲ ಭಾಗದ ಹೆಸರು, 713ರಿಂದ 741ರವರೆಗಿನ ಕಾಲ. ಸಂಜೆಯಾದರೆ ದಕ್ಷಿಣದ ದೊಡ್ಡ ಬೀದಿಯಲ್ಲಿ ಹುಡುಗಿಯರು ಟಾಂಗ್ ಕಾಲದ ಉಡುಪು ಬಾಡಿಗೆಗೆ ತೊಟ್ಟು, ಹಣೆಗೆ ಕೆಂಪು ಹೂವಿನ ಬೊಟ್ಟು ಇಟ್ಟುಕೊಂಡು ಫೋಟೊ ತೆಗೆಸಿಕೊಳ್ಳುತ್ತಾರೆ. ಸಾವಿರಾರು ಜನ. 1,300 ವರ್ಷ ಹಿಂದಿನ ಒಂದು ಕಾಲವನ್ನು ಒಂದು ಊರು ಇಷ್ಟು ಪ್ರೀತಿಯಿಂದ ಇಟ್ಟುಕೊಂಡಿರುವುದನ್ನು ನೋಡಿ ನನಗೆ ಖುಷಿಯಾಯಿತು.

ಮೊದಲು ಹೋದದ್ದು ಶಿಂಗ್‌ಚಿಂಗ್ ಅರಮನೆಗೆ. ಈಗ ಅದು ಉದ್ಯಾನ, ಕೋಟೆ ಗೋಡೆಯ ಪೂರ್ವಕ್ಕೆ, ಜಿಯಾವ್‌ಟೋಂಗ್ ವಿಶ್ವವಿದ್ಯಾಲಯದ ಎದುರಿಗೆ. ಬೆಳಗ್ಗೆ ಹೋದರೆ ನಿವೃತ್ತರದ್ದೇ ರಾಜ್ಯ. ಒಂದು ಕಡೆ ತಾಯ್‌ಚಿ, ಒಂದು ಕಡೆ ಸ್ಪೀಕರ್ ಇಟ್ಟುಕೊಂಡು ಕುಣಿತ, ಕೆರೆಯಲ್ಲಿ ದೋಣಿ. ಒಂದು ಮೂಲೆಯಲ್ಲಿ ಹಳೆಯ ಗೋಪುರವೊಂದರ ಅಡಿಪಾಯ ಉಳಿದಿದೆ. ಕಂಬ ನಿಲ್ಲಿಸಿದ್ದ ಕಲ್ಲುಗಳು ಸಾಲಾಗಿ ಕಾಣುತ್ತವೆ. ಶ್ರದ್ಧೆಯಿಂದ ರಾಜ್ಯಭಾರ ಮಾಡುವ ಗೋಪುರ ಅಂತ ಅವನೇ ಹೆಸರಿಟ್ಟಿದ್ದ.

ಇದು ಮೊದಲು ಅರಮನೆ ಆಗಿರಲಿಲ್ಲ, ರಾಜಕುಮಾರರ ಮನೆಗಳಿದ್ದ ಕೇರಿ. ಅವನ ನಿಜವಾದ ಹೆಸರು ಲಿ ಲೋಂಗ್‌ಜಿ. ಅಜ್ಜಿ ವೂ ಜೆಟಿಯನ್, ಚೀನಾದ ಇತಿಹಾಸದಲ್ಲಿ ತಾನೇ ಚಕ್ರವರ್ತಿ ಅಂತ ಘೋಷಿಸಿಕೊಂಡು ಆಳಿದ ಒಬ್ಬಳೇ ಹೆಂಗಸು. ಇವನು ಪುಟ್ಟ ಹುಡುಗನಾಗಿದ್ದಾಗ, 693ರಲ್ಲಿ, ಅಜ್ಜಿಯ ಆಜ್ಞೆಯಿಂದಲೇ ತಾಯಿಯ ಕೊಲೆಯಾಯಿತು. ಅಂಥ ಮನೆಯಲ್ಲಿ ಬೆಳೆದ ಹುಡುಗ. 710ರಲ್ಲಿ ಚಿಕ್ಕಪ್ಪ... ಅಲ್ಲ, ದೊಡ್ಡಪ್ಪ ಜೋಂಗ್‌ಜೋಂಗ್ ಚಕ್ರವರ್ತಿ ತೀರಿಕೊಂಡ. ರಾಣಿ ವೇ ವಿಷ ಹಾಕಿದಳು ಅಂತ ಆಗಿನವರ ಆರೋಪ. ಅಧಿಕಾರ ಆಕೆಯ ಕೈಗೆ ಹೋಗುವ ಹೊತ್ತಿಗೆ ಲೋಂಗ್‌ಜಿ ಸೋದರತ್ತೆ ತಾಯ್‌ಪಿಂಗ್ ಜೊತೆ ಸೇರಿಕೊಂಡು, ರಾತ್ರೋರಾತ್ರಿ ಅರಮನೆಯ ಕಾವಲು ಪಡೆಯನ್ನು ತನ್ನ ಕಡೆ ಮಾಡಿಕೊಂಡು ಒಳಗೆ ನುಗ್ಗಿದ. ರಾಣಿಯೂ ಆಕೆಯ ಮಗಳೂ ಬೆಳಗಾಗುವಷ್ಟರಲ್ಲಿ ಹೆಣವಾಗಿದ್ದರು. ಆಗ ಅವನಿಗೆ 24 ವರ್ಷ. ಅಪ್ಪನನ್ನು ಸಿಂಹಾಸನದಲ್ಲಿ ಕೂರಿಸಿದ. 712ರಲ್ಲಿ ಅಪ್ಪ ತಾನಾಗಿಯೇ ಬಿಟ್ಟುಕೊಟ್ಟ. ಮುಂದಿನ ವರ್ಷ ಆ ಸೋದರತ್ತೆಯ ಕಥೆಯೂ ಮುಗಿಯಿತು.

ರಕ್ತದಲ್ಲೇ ಶುರುವಾದ ಆಳ್ವಿಕೆ. ಆದರೆ ಆಮೇಲೆ ಅಣ್ಣತಮ್ಮಂದಿರ ಮೇಲೆ ಕೈ ಮಾಡಲಿಲ್ಲ. ಹಿರಿಯಣ್ಣ ಪಟ್ಟದ ಹಕ್ಕನ್ನು ತಾನೇ ಇವನಿಗೆ ಬಿಟ್ಟುಕೊಟ್ಟಿದ್ದ, ಇವನು ಅದನ್ನು ಮರೆಯಲಿಲ್ಲ. ಅವರ ಮನೆಗಳು ಕಾಣುವಂತೆ ಇಲ್ಲೇ ಒಂದು ಗೋಪುರ ಕಟ್ಟಿಸಿ, ಮೇಲೆ ನಿಂತು ಅವರ ಮನೆಯಿಂದ ಸಂಗೀತ ಕೇಳಿಸಿದರೆ ಕರೆಸಿಕೊಳ್ಳುತ್ತಿದ್ದ. ಎಲ್ಲರೂ ಒಟ್ಟಿಗೆ ಮಲಗಲು ಉದ್ದದ ದಿಂಬು, ಅಗಲದ ಕೌದಿ ಮಾಡಿಸಿದ್ದನಂತೆ. ಒಮ್ಮೆ ತಮ್ಮನೊಬ್ಬನಿಗೆ ಕಾಯಿಲೆ ಬಂದಾಗ ತಾನೇ ಒಲೆಯ ಮುಂದೆ ಕೂತು ಕಷಾಯ ಕಾಯಿಸಿದ. ಗಾಳಿಗೆ ಬೆಂಕಿ ಹಾರಿ ಗಡ್ಡಕ್ಕೆ ಹತ್ತಿತು. ಆಳುಗಳು ಓಡಿಬಂದರೆ, ಇದನ್ನು ಕುಡಿದು ಅವನು ಹುಷಾರಾದರೆ ಸಾಕು, ಗಡ್ಡದ ಮಾತು ಯಾಕೆ ಅಂದನಂತೆ. ಆ ಕಂಬದ ಕಲ್ಲುಗಳ ಮುಂದೆ ನಿಂತು ನಾನು ಜಾಸ್ತಿ ಯೋಚಿಸಿದ್ದು ಈ ಗಡ್ಡದ ಬಗ್ಗೆಯೇ.

ಆಳ್ವಿಕೆ ಚೆನ್ನಾಗಿ ನಡೆದದ್ದು ಹೇಗೆ? ನನ್ನ ಪ್ರಕಾರ ಕಾರಣ ಒಂದೇ. ಮುಖಕ್ಕೆ ಹೊಡೆದಂತೆ ಮಾತಾಡುವ ಮಂತ್ರಿಗಳನ್ನು ಹುಡುಕಿ ಇಟ್ಟುಕೊಂಡ, ಅವರು ಹೇಳಿದ್ದನ್ನು ಕೇಳಿದ. 716ರಲ್ಲಿ ಪೂರ್ವದ ಜಿಲ್ಲೆಗಳಿಗೆ ಮಿಡತೆ ದಾಳಿ ಬಂತು. ಇದು ದೈವದ ಕೋಪ, ಕೊಂದರೆ ಇನ್ನೂ ಕೇಡು ಅಂತ ಜನ ಹೊಲದಲ್ಲಿ ಕೈಮುಗಿದು ಕೂತರು. ಮಂತ್ರಿ ಯಾವ್ ಚೋಂಗ್ ಒಪ್ಪಲಿಲ್ಲ. ರಾತ್ರಿ ಬೆಂಕಿ ಹಾಕಿ, ಪಕ್ಕದಲ್ಲಿ ಗುಂಡಿ ತೋಡಿ, ಬಂದುಬಿದ್ದ ಮಿಡತೆಗಳನ್ನು ಸುಟ್ಟು ಹೂಳಿ ಅಂದ. ಕೇಡು ಬರುವುದಾದರೆ ನನಗೇ ಬರಲಿ ಅಂದ. ದೊರೆಗೂ ಅನುಮಾನ ಇತ್ತು, ಆದರೂ ಅವನ ಮಾತು ನಡೆಸಿಕೊಟ್ಟ. ಆ ವರ್ಷ ದೊಡ್ಡ ಬರಗಾಲ ತಪ್ಪಿತು.

ಇನ್ನೊಬ್ಬ ಮಂತ್ರಿ ಹಾನ್ ಶಿಯು. ದೊರೆ ಸ್ವಲ್ಪ ಜಾಸ್ತಿ ಮೋಜು ಮಾಡಿದರೂ ಬೆಳಗಾಗುವಷ್ಟರಲ್ಲಿ ಅವನ ಆಕ್ಷೇಪಣೆಯ ಪತ್ರ ಬಂದಿರುತ್ತಿತ್ತು. ಒಂದು ದಿನ ದೊರೆ ಕನ್ನಡಿ ನೋಡಿಕೊಂಡು ಸುಮ್ನೆ ಕೂತಿದ್ದ. ಈ ಮನುಷ್ಯ ಬಂದ ಮೇಲೆ ನೀವು ತುಂಬಾ ಸೊರಗಿದ್ದೀರಿ, ತೆಗೆದುಹಾಕಬಾರದೇ ಅಂತ ಪಕ್ಕದವರು ಕೇಳಿದರು. ನಾನು ಸೊರಗಿದರೂ ನಾಡು ಮೈತುಂಬಿಕೊಂಡಿದೆ ಅಂದ ದೊರೆ. ಈ ಒಂದು ಮಾತಿಗಾಗಿ ಅವನ ಮೇಲೆ ನನಗೆ ಗೌರವ, ಮುಂದೆ ಎಷ್ಟೇ ಸಿಟ್ಟು ಬಂದರೂ.

ಇದೇ ಉದ್ಯಾನದಲ್ಲಿ ಅಬೆ ನೊ ನಕಮಾರೊ ಅನ್ನುವ ಜಪಾನೀಯನ ಸ್ಮಾರಕ ಇದೆ. ಓದಲು ಬಂದವನು ಶ್ವಾನ್‌ಜೋಂಗ್‌ನ ಅಧಿಕಾರಿಯಾಗಿ ಇಲ್ಲೇ ಉಳಿದ. ಆಗಿನ ಚಾಂಗಾನ್‌ನಲ್ಲಿ ಭಾರತದ ಮೂಲದವರೂ ದೊಡ್ಡ ಹುದ್ದೆಗಳಲ್ಲಿದ್ದರು. ಗೌತಮ ಸಿದ್ಧ ಅನ್ನುವವರು ದೊರೆಯ ಖಗೋಳ ಇಲಾಖೆಯ ಮುಖ್ಯಸ್ಥರು. 718ರಲ್ಲಿ ದೊರೆಯ ಆಜ್ಞೆಯ ಮೇಲೆ ನಮ್ಮ ನವಗ್ರಹ ಲೆಕ್ಕದ ಪಂಚಾಂಗವನ್ನು ಚೀನೀ ಭಾಷೆಗೆ ತಂದವರು ಅವರೇ. ಸೊನ್ನೆಯನ್ನು ಒಂದು ಚುಕ್ಕೆಯಿಂದ ಬರೆಯುವ ರೀತಿಯೂ ಅದರಲ್ಲಿದೆ. ಅವರ ಮಗನ ಸಮಾಧಿ ಶಾಸನ 1970ರ ದಶಕದಲ್ಲಿ ಶೀಆನ್‌ನಲ್ಲೇ ಸಿಕ್ಕಿತು. ವಜ್ರಬೋಧಿ, ಅಮೋಘವಜ್ರ ಅನ್ನುವ ಬೌದ್ಧ ಆಚಾರ್ಯರೂ ಇದೇ ದೊರೆಯ ಕಾಲದಲ್ಲಿ ಇಲ್ಲಿದ್ದರು. ಇವರಿಗೂ ಒಂದು ಕಲ್ಲು ಇದ್ದಿದ್ದರೆ ಚೆನ್ನಾಗಿರುತ್ತಿತ್ತು ಅನ್ನಿಸಿತು.

ಶಾನ್‌ಶಿ ಇತಿಹಾಸ ಮ್ಯೂಸಿಯಂಗೆ ಮೊದಲೇ ಆನ್‌ಲೈನ್‌ನಲ್ಲಿ ಟಿಕೆಟ್ ಮಾಡಿಕೊಳ್ಳದೆ ಹೋಗಬೇಡಿ. ನೂಕುನುಗ್ಗಲು ಇರುತ್ತದೆ. 1970ರಲ್ಲಿ ಶೀಆನ್‌ನ ದಕ್ಷಿಣಕ್ಕಿರುವ ಹೆಜಿಯಾ ಹಳ್ಳಿಯಲ್ಲಿ ನೆಲ ಅಗೆಯುವಾಗ ಮಡಕೆ ತುಂಬಾ ಚಿನ್ನ ಬೆಳ್ಳಿಯ ಪಾತ್ರೆಗಳು ಸಿಕ್ಕವು. ಅವುಗಳಿಗೆ ಇಲ್ಲಿ ಬೇರೆಯೇ ಕೋಣೆ. ನಾನು ಹುಡುಕಿಕೊಂಡು ಹೋದದ್ದು ಅದರಲ್ಲಿನ ಒಂದು ಚಿಕ್ಕ ಬೆಳ್ಳಿಯ ಹೂಜಿಯನ್ನು. ಅಲೆಮಾರಿಗಳು ಒಯ್ಯುವ ತೊಗಲ ಚೀಲದ ಆಕಾರ. ಎರಡೂ ಪಕ್ಕದಲ್ಲಿ ಒಂದೊಂದು ಕುದುರೆ ಉಬ್ಬಿ ನಿಂತಿದೆ, ಅದಕ್ಕೆ ಚಿನ್ನದ ಲೇಪ. ಹಿಂಗಾಲು ಮಡಚಿ ಕೂತ ಹಾಗೆ, ಮುಂಗಾಲು ಊರಿ, ಬಾಲ ಎತ್ತಿ, ಬಾಯಲ್ಲಿ ಒಂದು ಬಟ್ಟಲು ಕಚ್ಚಿಕೊಂಡಿದೆ. ಕೊರಳಿಗೆ ಕಟ್ಟಿದ ಪಟ್ಟಿ ಹಿಂದಕ್ಕೆ ಹಾರುತ್ತಿದೆ.

ಇದು ಕಲ್ಪನೆಯ ಚಿತ್ರ ಅಲ್ಲ. ಶ್ವಾನ್‌ಜೋಂಗ್ ತನ್ನ ಹುಟ್ಟುಹಬ್ಬವನ್ನು 729ರಿಂದ ನಾಡಹಬ್ಬ ಮಾಡಿದ. ಅವತ್ತು ಆ ಶ್ರದ್ಧೆಯ ಗೋಪುರದ ಕೆಳಗೆ ನೂರು ಕುದುರೆಗಳು ಸಂಗೀತಕ್ಕೆ ಸರಿಯಾಗಿ ಕುಣಿಯುತ್ತಿದ್ದವು. ಕೊನೆಗೆ ಬಾಯಲ್ಲಿ ಬಟ್ಟಲು ಹಿಡಿದು ದೊರೆಗೆ ಮದ್ಯ ಕೊಡುತ್ತಿದ್ದವು. ಮುಂದೆ ಅವನನ್ನು ಓಡಿಸಿದ ದಂಗೆಯಾದ ಮೇಲೆ ಆ ಕುದುರೆಗಳಲ್ಲಿ ಕೆಲವು ಉತ್ತರದ ಒಬ್ಬ ಸೇನಾಪತಿಯ ಲಾಯಕ್ಕೆ ಹೋದವು. ಅವು ಯಾವ ಕುದುರೆಗಳು ಅಂತ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಂದು ದಿನ ಸೈನ್ಯದ ಔತಣದಲ್ಲಿ ವಾದ್ಯ ಶುರುವಾಯಿತು, ಕುದುರೆಗಳು ಕುಣಿಯತೊಡಗಿದವು. ದೆವ್ವ ಹಿಡಿದಿದೆ ಅಂತ ಆಳುಗಳು ಪೊರಕೆ ತೆಗೆದುಕೊಂಡು ಹೊಡೆದರು. ತಾಳ ತಪ್ಪಿತೇನೋ ಅಂದುಕೊಂಡು ಅವು ಇನ್ನೂ ಚೆನ್ನಾಗಿ ಕುಣಿದವು. ಸಾಯುವವರೆಗೂ ಹೊಡೆದರು. ಹೂಜಿಯ ಗಾಜಿನ ಮುಂದೆ ಮಕ್ಕಳ ದೊಡ್ಡ ಗುಂಪು ಇತ್ತು. ಅವರ ಶಿಕ್ಷಕಿ ಈ ಕಥೆ ಹೇಳಿದರೋ ಇಲ್ಲವೋ ಗೊತ್ತಿಲ್ಲ, ನನಗಂತೂ ಅಲ್ಲಿ ಜಾಸ್ತಿ ಹೊತ್ತು ನಿಲ್ಲಲು ಆಗಲಿಲ್ಲ.

ಹ್ವಾಚಿಂಗ್ ಅರಮನೆ ಇರುವುದು ಲಿನ್‌ಟೋಂಗ್‌ನಲ್ಲಿ, ಶೀಆನ್‌ನಿಂದ ಪೂರ್ವಕ್ಕೆ ಸುಮಾರು 30 ಕಿಲೋಮೀಟರ್. ಈಗ ಮೆಟ್ರೊದಲ್ಲೇ ಹೋಗಬಹುದು. ಹಿಂದೆ ಲಿ ಬೆಟ್ಟ, ಅದರ ಬುಡದಲ್ಲಿ 43 ಡಿಗ್ರಿಯ ಬಿಸಿನೀರಿನ ಬುಗ್ಗೆ. ಹೊರಗೆ ದಾಳಿಂಬೆ ಹಣ್ಣಿನ ರಸ ಹಿಂಡಿಕೊಡುವ ಗಾಡಿಗಳು ಸಾಲಾಗಿ ನಿಂತಿರುತ್ತವೆ, ಲಿನ್‌ಟೋಂಗ್ ದಾಳಿಂಬೆಗೆ ಹೆಸರುವಾಸಿ. ಒಳಗಿನ ಚಂದದ ಮಂಟಪಗಳು ಬಹುಪಾಲು ಹೊಸದಾಗಿ ಕಟ್ಟಿದವು. ನಿಜವಾದ ಹಳೆಯದು ನೋಡಬೇಕಾದರೆ ಸ್ನಾನದ ಕೊಳಗಳ ಮ್ಯೂಸಿಯಂಗೆ ಹೋಗಬೇಕು. 1982ರಲ್ಲಿ ಅಗೆದಾಗ ಸಿಕ್ಕವು. ಶ್ವಾನ್‌ಜೋಂಗ್‌ನದು ಕಮಲದ ಕೊಳ, ದೊಡ್ಡದು. ಯಾಂಗ್ ಗ್ವೀಫೇ ಸ್ನಾನ ಮಾಡುತ್ತಿದ್ದ ಕೊಳ ಅದರ ಮುಂದೆ ತೀರಾ ಚಿಕ್ಕದು. ಹೂವಿನ ಎಸಳಿನ ಆಕಾರ, ಕಪ್ಪು ನೀಲಿ ಕಲ್ಲು, ಎರಡು ಹಂತದ ಮೆಟ್ಟಿಲು, ತಳದ ನಡುವೆ ನೀರು ಬರುತ್ತಿದ್ದ ತೂತು. ಕಲ್ಲಿನ ಅಂಚು ಸವೆದು ನುಣುಪಾಗಿದೆ.

ಆಕೆ ಯಾರು ಅನ್ನುವುದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. 719ರಲ್ಲಿ ಹುಟ್ಟಿದ ಯಾಂಗ್ ಯುಹ್ವಾನ್, ಶ್ವಾನ್‌ಜೋಂಗ್‌ನ ಸ್ವಂತ ಮಗನ ಹೆಂಡತಿ. ಸೊಸೆ! 737ರಲ್ಲಿ ದೊರೆಯ ಅಚ್ಚುಮೆಚ್ಚಿನ ರಾಣಿ ತೀರಿಕೊಂಡಳು. ಅದೇ ವರ್ಷ ಅವನು ಚಾಡಿ ಮಾತು ಕೇಳಿ ತನ್ನ ಮೂವರು ಗಂಡುಮಕ್ಕಳನ್ನು ಒಂದೇ ದಿನ ಸಾಯಿಸಿದ. ಅವರಲ್ಲಿ ಒಬ್ಬ ಯುವರಾಜ. ಆಮೇಲೆ ಅವನ ಕಣ್ಣು ಈ ಸೊಸೆಯ ಮೇಲೆ ಬಿತ್ತು. ಮಗನಿಂದ ಬಿಡಿಸಿ, ತಾವೋ ಮಠದ ಸನ್ಯಾಸಿನಿ ಮಾಡಿಸಿ, 745ರಲ್ಲಿ ಗ್ವೀಫೇ ಅನ್ನುವ ಪದವಿ ಕೊಟ್ಟು ತನ್ನ ಅಂತಃಪುರಕ್ಕೆ ಸೇರಿಸಿಕೊಂಡ. ಅವನಿಗೆ 60, ಅವಳಿಗೆ 26. ಅವಳನ್ನು ಯಾರೂ ಕೇಳಿರಲಿಲ್ಲ. ಕೆರೆಯ ಪಕ್ಕದಲ್ಲಿ ಅವಳ ದೊಡ್ಡ ಬಿಳಿ ವಿಗ್ರಹ ಇದೆ, ರಾತ್ರಿ ಬೆಟ್ಟಕ್ಕೇ ದೀಪ ಹಾಕಿ ಅವರಿಬ್ಬರ ಪ್ರೇಮಕಥೆಯ ನೃತ್ಯರೂಪಕ ನಡೆಯುತ್ತದೆ. ಬಾಯ್ ಜುಯಿ 806ರಲ್ಲಿ ಬರೆದ ಪ್ರಸಿದ್ಧ ಕವಿತೆಯೇ ಅದಕ್ಕೆ ಆಧಾರ. ನೋಡಲು ಭವ್ಯವಾಗಿದೆ, ಇಲ್ಲ ಅನ್ನುವುದಿಲ್ಲ. ಇಬ್ಬರಿಗೂ ಸಂಗೀತದ ಹುಚ್ಚಿತ್ತು, ಒಬ್ಬರ ಮೇಲೊಬ್ಬರಿಗೆ ನಿಜವಾದ ಪ್ರೀತಿ ಹುಟ್ಟಿದ್ದೂ ಇರಬಹುದು. ಆದರೆ ಆ ಚಿಕ್ಕ ಕೊಳ ನೋಡಿದ ಮೇಲೆ ನನಗೆ ಪ್ರೇಮಕಥೆಯಾಗಿ ಅದನ್ನು ನೋಡಲು ಆಗಲಿಲ್ಲ.

ಅವನು ಪ್ರತಿ ಚಳಿಗಾಲ ಇಡೀ ಆಸ್ಥಾನವನ್ನೇ ಕರೆದುಕೊಂಡು ಇಲ್ಲಿಗೆ ಬರುತ್ತಿದ್ದ. ಅವಳ ಬಟ್ಟೆ ನೇಯಲು, ಕಸೂತಿ ಹಾಕಲು 700 ಜನ ಇದ್ದರಂತೆ. ಲಿಚಿ ಹಣ್ಣು ದಕ್ಷಿಣದಿಂದ ಕುದುರೆ ಬದಲಾಯಿಸಿಕೊಂಡು ಓಡಿಬರುತ್ತಿತ್ತು. ಚೀನಾ ಕೆಟ್ಟದ್ದು ಈ ಲಿಚಿಯಿಂದ, ಈ ಹೆಂಗಸಿನಿಂದ ಅಂತ ಸಾವಿರ ವರ್ಷದಿಂದ ಹೇಳುತ್ತಾ ಬಂದಿದ್ದಾರೆ. ನಾನು ಒಪ್ಪುವುದಿಲ್ಲ. ಅವಳು ಬರುವುದಕ್ಕೆ ಸುಮಾರು ಹತ್ತು ವರ್ಷ ಮೊದಲೇ ದೊರೆ ಕಿವಿ ಮುಚ್ಚಿಕೊಂಡಾಗಿತ್ತು.

734ರಲ್ಲಿ ಲಿ ಲಿನ್‌ಫು ಮಂತ್ರಿಯಾದ. ಬಾಯಲ್ಲಿ ಜೇನು, ಹೊಟ್ಟೆಯಲ್ಲಿ ಕತ್ತಿ ಅನ್ನುವ ಚೀನೀ ಗಾದೆ ಹುಟ್ಟಿದ್ದೇ ಇವನಿಂದ. ದೊರೆಗೆ ಬುದ್ಧಿ ಹೇಳುವುದೇ ಕೆಲಸವಾಗಿದ್ದ ಅಧಿಕಾರಿಗಳನ್ನು ಒಮ್ಮೆ ಕರೆಸಿ ಅವನು ಹೇಳಿದ ಮಾತು ಇತಿಹಾಸದಲ್ಲಿ ಉಳಿದಿದೆ. ಮೆರವಣಿಗೆಗೆ ಸಾಲಾಗಿ ನಿಲ್ಲಿಸುವ ಕುದುರೆಗಳನ್ನು ನೋಡಿದ್ದೀರಲ್ಲ? ಸುಮ್ಮನೆ ನಿಂತರೆ ಒಳ್ಳೆಯ ಮೇವು. ಒಂದು ಸಲ ಕೆನೆದರೆ ಹೊರಗೆ ಅಟ್ಟುತ್ತಾರೆ. ಆಮೇಲೆ ಯಾರೂ ಬಾಯಿಬಿಡಲಿಲ್ಲ. ಅವನು 752ರಲ್ಲಿ ಸಾಯುವವರೆಗೂ ಹೀಗೇ ನಡೆಯಿತು. ನಂತರ ಬಂದವನು ಗ್ವೀಫೇಯ ಸಂಬಂಧಿ ಯಾಂಗ್ ಗ್ವೋಜೋಂಗ್. ನೈಋತ್ಯದ ನಾನ್‌ಜಾವ್ ರಾಜ್ಯದ ಮೇಲೆ ದಂಡು ಕಳಿಸಿ ಭಯಂಕರವಾಗಿ ಸೋತರೂ ಗೆದ್ದೆವು ಅಂತಲೇ ದೊರೆಗೆ ವರದಿ ಹೋಯಿತು.

ಸೈನ್ಯದ ಕಥೆ ಇನ್ನೊಂದು. ಹಿಂದೆ ರೈತರೇ ಸರದಿಯ ಮೇಲೆ ಸೈನಿಕರಾಗುತ್ತಿದ್ದರು. ಆ ಪದ್ಧತಿ ಮುರಿದುಬಿತ್ತು, ಸಂಬಳದ ಸೈನ್ಯ ಬಂತು. 742ರ ಹೊತ್ತಿಗೆ ಗಡಿಯ ಹತ್ತು ಸೇನಾಪತಿಗಳ ಕೈಯಲ್ಲಿ 4,90,000 ಸೈನಿಕರು. ರಾಜಧಾನಿಯಲ್ಲಿ ಯುದ್ಧ ನೋಡಿದ ದಂಡೇ ಇಲ್ಲ. ಗಡಿಗೆ ಚೀನೀಯರಲ್ಲದ ಸೇನಾಪತಿಗಳನ್ನೇ ಹಾಕೋಣ ಅಂತ ಲಿನ್‌ಫು ಸಲಹೆ ಕೊಟ್ಟ. ಅವರು ಎಷ್ಟೇ ಗೆದ್ದರೂ ತನ್ನ ಮಂತ್ರಿ ಪದವಿಗೆ ಬರಲಾರರು ಅನ್ನುವುದು ಅವನ ಲೆಕ್ಕ. ಹಾಗೆ ಮೇಲೆ ಬಂದವನು ಆನ್ ಲುಶಾನ್. ತಂದೆ ಮಧ್ಯ ಏಷ್ಯಾದ ಸೊಗ್ದಿಯನ್ ಜನಾಂಗದವನು, ತಾಯಿ ತುರ್ಕಿ ಬುಡಕಟ್ಟಿನವಳು. ಭಾರೀ ದಪ್ಪ ಮನುಷ್ಯ. ಈ ಹೊಟ್ಟೆಯೊಳಗೆ ಏನಿದೆ ಅಂತ ದೊರೆ ತಮಾಷೆಗೆ ಕೇಳಿದರೆ, ನಿಮ್ಮ ಮೇಲಿನ ನಿಷ್ಠೆ ಬಿಟ್ಟು ಬೇರೇನೂ ಇಲ್ಲ ಅಂದನಂತೆ. ತನ್ನ ಮೈ ಸೊರಗಿದ್ದಕ್ಕೆ ನಾಡಿನ ಲೆಕ್ಕ ಹಾಕಿದ್ದ ದೊರೆ ಈ ಉತ್ತರಕ್ಕೆ ನಕ್ಕು ಮೂರು ಗಡಿ ಪ್ರಾಂತಗಳನ್ನು ಒಬ್ಬನಿಗೇ ಕೊಟ್ಟ.

755ರ ಡಿಸೆಂಬರ್‌ನಲ್ಲಿ ಆನ್ ಲುಶಾನ್ ಈಗಿನ ಬೀಜಿಂಗ್ ಕಡೆಯಿಂದ ದಂಡೆತ್ತಿ ಹೊರಟ. ಸುದ್ದಿ ಬಂದಾಗ ದೊರೆ ಇದೇ ಹ್ವಾಚಿಂಗ್‌ನಲ್ಲಿದ್ದ. ಮೊದಲು ನಂಬಲೇ ಇಲ್ಲ. ಸುಮಾರು ಅದೇ ದಿನಗಳಲ್ಲಿ ಕವಿ ದು ಫು ಹೆಂಡತಿ ಮಕ್ಕಳನ್ನು ನೋಡಲು ಈ ಬೆಟ್ಟದ ಬುಡದಲ್ಲಿ ಹಾದುಹೋದರು. ಒಳಗಿನ ಸಂಗೀತ ಅವರಿಗೆ ಕೇಳಿಸಿತು. ಮನೆ ಮುಟ್ಟಿದಾಗ ಪುಟ್ಟ ಮಗ ಹಸಿವಿನಿಂದ ಸತ್ತಿದ್ದ. ಇದನ್ನೆಲ್ಲ ಅವರೇ ಒಂದು ಕವಿತೆಯಲ್ಲಿ ಬರೆದಿಟ್ಟಿದ್ದಾರೆ.

ಚಾಂಗಾನ್‌ಗೆ ಪೂರ್ವದ ಬಾಗಿಲು ಟೋಂಗ್‌ಗ್ವಾನ್ ಕೋಟೆ. ಅದನ್ನು ಕಾಯುತ್ತಿದ್ದ ಇಬ್ಬರು ಅನುಭವಿ ದಂಡನಾಯಕರನ್ನು ಚಾಡಿ ಕೇಳಿ ದೊರೆ ಕೊಲ್ಲಿಸಿದ. ಪಾರ್ಶ್ವವಾಯು ಹೊಡೆದಿದ್ದ ಇನ್ನೊಬ್ಬ ದಂಡನಾಯಕ ಗೆಶು ಹಾನ್‌ನನ್ನು ಅಲ್ಲಿಗೆ ಕಳಿಸಿದ. ಕೋಟೆಯೊಳಗೇ ಕೂತರೆ ಗೆಲ್ಲುತ್ತೇವೆ ಅಂತ ಅವನು ಎಷ್ಟು ಹೇಳಿದರೂ ಕೇಳದೆ, ಹೊರಗೆ ಹೋಗಿ ಹೋರಾಡು ಅಂತ ಆಜ್ಞೆ ಮೇಲೆ ಆಜ್ಞೆ ಬಂತು. ಗೆಶು ಹಾನ್ ಎದೆ ಬಡಿದುಕೊಂಡು ಅತ್ತು ಹೊರಟ. ಸುಮಾರು ಎರಡು ಲಕ್ಷದ ಸೈನ್ಯದಲ್ಲಿ ಕೋಟೆಗೆ ಮರಳಿದವರು 8,000 ಜನ.

ಇನ್ನು ಪಶ್ಚಿಮದ ದಾರಿ. ಇದಕ್ಕೆ ಕಾರು ಮಾಡಿಕೊಂಡೆ. 756ರ ಜುಲೈ 14ರಂದು, ಮಳೆ ಹನಿಯುತ್ತಿದ್ದ ಮುಂಜಾನೆ, ದೊರೆ ಗ್ವೀಫೇಯನ್ನೂ ಹತ್ತಿರದ ಕೆಲವರನ್ನೂ ಮಾತ್ರ ಕರೆದುಕೊಂಡು ಹೊರಟ. ಅರಮನೆಯ ಹೊರಗಿದ್ದ ಮಕ್ಕಳು ಮೊಮ್ಮಕ್ಕಳನ್ನೂ ಬಿಟ್ಟೇ ಹೋದ. ಆದರೂ ಅವತ್ತಿನ ಎರಡು ಸಂಗತಿ ಹೇಳಲೇಬೇಕು. ಖಜಾನೆ ಸುಟ್ಟುಬಿಡೋಣ ಅಂತ ಗ್ವೋಜೋಂಗ್ ಹೇಳಿದಾಗ ದೊರೆ ಬೇಡ ಅಂದ. ಶತ್ರುಗಳಿಗೆ ಖಜಾನೆ ಸಿಗದಿದ್ದರೆ ಜನರನ್ನು ಸುಲಿಯುತ್ತಾರೆ, ಅವರಿಗೇ ಬಿಡು ಅಂದ. ವೇ ನದಿ ದಾಟಿದ ಮೇಲೆ ಗ್ವೋಜೋಂಗ್ ಸೇತುವೆಗೆ ಬೆಂಕಿ ಹಚ್ಚಿಸಿದ. ಹಿಂದೆ ಬರುವ ಜನವೂ ಜೀವ ಉಳಿಸಿಕೊಳ್ಳಬೇಡವೇ ಅಂತ ದೊರೆ ಅದನ್ನೂ ಆರಿಸಿದ.

ನದಿಯಾಚೆ ಶ್ಯಾನ್‌ಯಾಂಗ್. ಶೀಆನ್‌ನ ವಿಮಾನ ನಿಲ್ದಾಣ ಇರುವುದು ಇಲ್ಲೇ. ರಸ್ತೆಯ ಎರಡೂ ಬದಿಗೆ ಈಗ ಎತ್ತರದ ಅಪಾರ್ಟ್‌ಮೆಂಟುಗಳು. ಅವತ್ತು ದೊರೆ ಬಂದಾಗ ಇಲ್ಲಿನ ಅಧಿಕಾರಿಗಳೆಲ್ಲ ಪರಾರಿ. ಮಧ್ಯಾಹ್ನವಾದರೂ ಊಟ ಇಲ್ಲ. ಗ್ವೋಜೋಂಗ್ ಎಲ್ಲಿಂದಲೋ ಎಳ್ಳು ಹಚ್ಚಿದ ರೊಟ್ಟಿ ಕೊಂಡು ತಂದ. ಹಳ್ಳಿಯವರು ಗೋಧಿ, ಕಾಳು ಬೆರೆಸಿದ ಒರಟು ಅನ್ನ ತಂದುಕೊಟ್ಟರು. ರಾಜಕುಮಾರರು ಬಟ್ಟಲಿಲ್ಲದೆ ಕೈಯಿಂದಲೇ ಬಾಚಿ ತಿಂದರು, ಸಾಲದೇ ಹೋಯಿತು. ನಮ್ಮ ಕಾರಿನ ಚಾಲಕರು ಇಲ್ಲೇ ಒಂದು ಅಂಗಡಿಯ ಮುಂದೆ ನಿಲ್ಲಿಸಿದರು. ಬಿಸಿ ಎಳ್ಳಿನ ರೊಟ್ಟಿ, ಜೊತೆಗೆ ಖಾರದ ಎಣ್ಣೆ ಹಾಕಿದ, ಲಿಯಾಂಗ್‌ಪಿ ಅನ್ನುವ ತಣ್ಣನೆಯ ನೂಡಲ್ಸ್. ಮಾಂಸ ತಿನ್ನದವರಿಗೆ ಈ ಸೀಮೆಯಲ್ಲಿ ಇದೇ ಒಳ್ಳೆಯ ಊಟ.

ಇಡೀ ಕಥೆಯಲ್ಲಿ ನನಗೆ ಮುಖ್ಯ ಅನ್ನಿಸುವ ಮನುಷ್ಯ ಇಲ್ಲೇ ಬರುತ್ತಾನೆ. ಗ್ವೋ ತ್ಸೋಂಗ್‌ಜಿನ್ ಅನ್ನುವ ಒಬ್ಬ ಮುದುಕ ದೊರೆಯ ಮುಂದೆ ಬಂದು ನಿಂತ. ಆನ್ ಲುಶಾನ್ ದ್ರೋಹದ ಬಗ್ಗೆ ಹೇಳಲು ಬಂದವರನ್ನೆಲ್ಲ ನೀವು ಸಾಯಿಸಿದಿರಿ. ಸೋಂಗ್ ಜಿಂಗ್ ಮಂತ್ರಿಯಾಗಿದ್ದಾಗ ನೇರವಾಗಿ ಮಾತಾಡುತ್ತಿದ್ದರು, ನಾಡು ನೆಮ್ಮದಿಯಾಗಿತ್ತು. ಆಮೇಲೆ ಬಂದವರೆಲ್ಲ ನಿಮ್ಮ ಮುಖ ನೋಡಿ ಮಾತಾಡಿದರು, ಅರಮನೆಯ ಬಾಗಿಲಾಚೆ ನಡೆಯುವುದು ನಿಮಗೆ ತಿಳಿಯಲಿಲ್ಲ. ಹೊಲದಲ್ಲಿರುವ ನಮಗೆ ಇಂಥ ದಿನ ಬರುತ್ತದೆ ಅಂತ ಯಾವಾಗಲೋ ಗೊತ್ತಿತ್ತು. ಈ ಗತಿ ಬಾರದೇ ಇದ್ದಿದ್ದರೆ ನಿಮ್ಮ ಮುಖ ನೋಡಿ ಇದನ್ನು ಹೇಳಲು ನನಗೆ ಎಲ್ಲಿ ಸಾಧ್ಯವಿತ್ತು? ಹೀಗೆ ಅವನು ಹೇಳಿದ್ದು ದಾಖಲಾಗಿದೆ. ನನ್ನ ಕುರುಡುತನ, ಈಗ ಪಶ್ಚಾತ್ತಾಪ ಪಟ್ಟು ಏನೂ ಪ್ರಯೋಜನವಿಲ್ಲ ಅಂದ ದೊರೆ. ಇಪ್ಪತ್ತು ವರ್ಷಗಳಲ್ಲಿ ಅವನ ಮುಂದೆ ಇಷ್ಟು ನೇರವಾಗಿ ಮಾತಾಡಿದವರು ತೀರಾ ಕಡಿಮೆ. ಅದಕ್ಕೆ ಅವನು ಸಿಂಹಾಸನದಿಂದ ಇಳಿದು ರಸ್ತೆಗೆ ಬರಬೇಕಾಯಿತು.

ಮಾವೇ ಇರುವುದು ಶಿಂಗ್‌ಪಿಂಗ್ ಹತ್ತಿರ, ಶೀಆನ್‌ನಿಂದ ಸುಮಾರು 60 ಕಿಲೋಮೀಟರ್. ಆಗ ಅದೊಂದು ಅಂಚೆ ಚಾವಡಿ. ಮರುದಿನ, ಜುಲೈ 15ರಂದು, ಹಸಿದ ಸೈನಿಕರು ಇಲ್ಲಿ ತಿರುಗಿಬಿದ್ದರು. ಮೊದಲು ಗ್ವೋಜೋಂಗ್‌ನನ್ನು ಕಡಿದು ಹಾಕಿದರು. ಆಮೇಲೂ ಚಾವಡಿ ಸುತ್ತುವರಿದು ನಿಂತರು, ಗ್ವೀಫೇಯೂ ಸಾಯಬೇಕು ಅಂದರು. ಅವಳು ಅರಮನೆಯ ಒಳಗಿದ್ದವಳು, ಅವಳಿಗೇನು ಗೊತ್ತು ಅಂದ ದೊರೆ. ದೊರೆಯ ಅತ್ಯಂತ ನಂಬಿಕೆಯ ಸೇವಕ, ಅಂತಃಪುರದ ನಪುಂಸಕ ಗಾವ್ ಲಿಶಿ ಆಗ ಹೇಳಿದ ಮಾತು ಇದು: ಆಕೆ ನಿಜವಾಗಿ ನಿರಪರಾಧಿ. ಆದರೆ ಗ್ವೋಜೋಂಗ್‌ನನ್ನು ಕೊಂದವರು ಆಕೆ ನಿಮ್ಮ ಪಕ್ಕದಲ್ಲಿರುವಾಗ ನಿಶ್ಚಿಂತೆಯಾಗಿ ಇರುತ್ತಾರಾ? ಅವರು ನಿಶ್ಚಿಂತೆಯಾದರೆ ನೀವೂ ಕ್ಷೇಮ. ಬುದ್ಧನ ಗುಡಿಯೊಳಗೆ ಕರೆದುಕೊಂಡು ಹೋಗಿ ಕತ್ತು ಬಿಗಿದರು. ಅವಳಿಗೆ 37 ವರ್ಷ.

ಸಮಾಧಿ ಸುಮಾರು ಮೂರು ಮೀಟರ್ ಎತ್ತರದ ಒಂದು ದಿಬ್ಬ, ಮೇಲೆಲ್ಲ ಬೂದು ಇಟ್ಟಿಗೆ ಹೊದಿಸಿದ್ದಾರೆ. ಇಲ್ಲಿನ ಮಣ್ಣು ಹಚ್ಚಿಕೊಂಡರೆ ಮುಖ ಕಾಂತಿ ಬರುತ್ತದೆ ಅಂತ ಹೆಂಗಸರು ತೆಗೆದುಕೊಂಡು ಹೋಗಿ ದಿಬ್ಬ ಕರಗುತ್ತಿತ್ತು, ಅದಕ್ಕೇ ಇಟ್ಟಿಗೆ ಅಂತ ಊರಿನವರು ಹೇಳುತ್ತಾರೆ. ಸುತ್ತಲೂ ಪಡಸಾಲೆಯಲ್ಲಿ ಕವಿಗಳು, ಅಧಿಕಾರಿಗಳು ಬರೆದ ಕವಿತೆಗಳ ಕಲ್ಲುಗಳು. ಕೆಲವರು ಬೈದಿದ್ದಾರೆ, ಕೆಲವರು ಮರುಗಿದ್ದಾರೆ. ಅವಳ ಒಂದು ಮಾತೂ ಎಲ್ಲೂ ಇಲ್ಲ. ಮುಂದೆ ದೊರೆ ಗುಟ್ಟಾಗಿ ಸಮಾಧಿ ಬದಲಾಯಿಸಲು ಜನ ಕಳಿಸಿದಾಗ ದೇಹ ಕರಗಿಹೋಗಿತ್ತು, ಎದೆಯ ಮೇಲಿನ ಸುಗಂಧದ ಚೀಲ ಮಾತ್ರ ಉಳಿದಿತ್ತು. ತಂದುಕೊಟ್ಟಾಗ ಅವನು ಅತ್ತ. ನನಗೆ ಅಯ್ಯೋ ಅನ್ನಿಸಿದ್ದು ಅವಳ ಬಗ್ಗೆ. ಮಾವನ ಆಸೆಗೆ ಅಂತಃಪುರ ಸೇರಿದವಳು, ಅವನ ಜೀವ ಉಳಿಸಲು ಸತ್ತಳು, ಆಮೇಲೆ ರಾಜ್ಯ ಹಾಳುಮಾಡಿದವಳು ಅನ್ನಿಸಿಕೊಂಡಳು.

ಮಾವೇಯಲ್ಲೇ ತಂದೆ ಮಗನ ದಾರಿ ಬೇರೆಯಾಯಿತು. ತಂದೆ ಚೆಂಗ್ಡು ಕಡೆ ಹೋದ, ಯುವರಾಜ ಉತ್ತರಕ್ಕೆ ಹೋಗಿ ಆಗಸ್ಟ್‌ನಲ್ಲಿ ತಾನೇ ಚಕ್ರವರ್ತಿ ಅಂತ ಘೋಷಿಸಿಕೊಂಡ. ಕೇಳಿ ಒಪ್ಪಿಕೊಳ್ಳದೆ ತಂದೆಗೆ ಬೇರೆ ದಾರಿ ಇರಲಿಲ್ಲ. ರಾಜಧಾನಿ ಮರಳಿ ಕೈಗೆ ಬಂದ ಮೇಲೆ ವಾಪಸ್ ಬಂದು ಮತ್ತೆ ಶಿಂಗ್‌ಚಿಂಗ್‌ನಲ್ಲೇ ಇದ್ದ. ಬೀದಿ ಕಾಣುವ ಗೋಪುರದಲ್ಲಿ ನಿಂತರೆ ಹೋಗಿಬರುವ ಜನ ಕೈಮುಗಿಯುತ್ತಿದ್ದರು. ಹೊಸ ಆಸ್ಥಾನಕ್ಕೆ ಇದು ಸಹಿಸಲಿಲ್ಲ. 760ರಲ್ಲಿ ಅವನ 300 ಕುದುರೆಗಳಲ್ಲಿ 10 ಬಿಟ್ಟು ಉಳಿದವನ್ನೆಲ್ಲ ಕಿತ್ತುಕೊಂಡರು. ಆಮೇಲೆ ಕತ್ತಿ ಹಿರಿದ 500 ಸವಾರರು ಸುತ್ತುವರಿದು ಅವನನ್ನು ಬೇರೆ ಅರಮನೆಗೆ ಸಾಗಿಸಿದರು. ಅವತ್ತು ಆ ಸವಾರರಿಗೆ ಅಡ್ಡನಿಂತು ಗದರಿದವನು ಗಾವ್ ಲಿಶಿ. ಅದಕ್ಕೆ ಅವನಿಗೆ ಗಡಿಪಾರು. 762ರ ಮೇ 3ರಂದು ಶ್ವಾನ್‌ಜೋಂಗ್ ತೀರಿಕೊಂಡ. ಮಗ 13 ದಿನದ ಮೇಲೆ ಸತ್ತ.

ಸಮಾಧಿ ತಾಯ್‌ಲಿಂಗ್, ಪುಚೆಂಗ್ ತಾಲೂಕಿನಲ್ಲಿ, ಶೀಆನ್‌ನ ಈಶಾನ್ಯಕ್ಕೆ. ದು ಫು ಅವರ ಮಗ ಹಸಿವಿನಿಂದ ಸತ್ತದ್ದು ಇದೇ ಪುಚೆಂಗ್‌ನಲ್ಲಿ, ಆಗ ಅದರ ಹೆಸರು ಬೇರೆ. ಪ್ರವಾಸಿಗರು ಇಲ್ಲಿಗೆ ಬರುವುದು ಕಡಿಮೆ. ಒಂದು ಬೆಟ್ಟವೇ ಸಮಾಧಿ, ಅದರ ಮುಂದೆ ಗೋಧಿ ಹೊಲ. ಹೊಲದ ನಡುವೆ ಕಲ್ಲಿನ ಆಳುಗಳು, ರೆಕ್ಕೆ ಇರುವ ಕುದುರೆ, ಉಷ್ಟ್ರಪಕ್ಷಿ. ಅವನ ಅಜ್ಜ ಅಜ್ಜಿಯ ಸಮಾಧಿ ಚಿಯಾನ್‌ಲಿಂಗ್‌ನಲ್ಲಿ ಇರುವ ವಿಗ್ರಹಗಳ ಮುಂದೆ ಇವು ಕುಳ್ಳು. ಯುದ್ಧ ಇನ್ನೂ ಮುಗಿಯದ ಹೊತ್ತಿನಲ್ಲಿ ಕೆತ್ತಲು ಶುರುಮಾಡಿದ್ದು, ದುಡ್ಡೆಲ್ಲಿತ್ತು? ಪಕ್ಕದಲ್ಲಿ ಇನ್ನೊಂದೇ ಒಂದು ಸಮಾಧಿ. ಗಾವ್ ಲಿಶಿಯದು. ಗಡಿಪಾರಿನಿಂದ ಬಿಡುಗಡೆಯಾಗಿ ಬರುವಾಗ ದಾರಿಯಲ್ಲಿ ದೊರೆ ಸತ್ತ ಸುದ್ದಿ ಕೇಳಿ ಗೋಳಾಡಿ, ರಕ್ತ ಕಾರಿ ಸತ್ತ. 30 ಗಂಡುಮಕ್ಕಳಿದ್ದ ದೊರೆಗೆ ಜೊತೆಯಾಗಿ ಉಳಿದವನು ಅವನೊಬ್ಬನೇ. 1999ರಲ್ಲಿ ಆ ಸಮಾಧಿ ಅಗೆದಿದ್ದಾರೆ. ದಾರಿಯಲ್ಲಿ ಪುಚೆಂಗ್‌ನ ಪೇರ್ ಹಣ್ಣು ಮಾರುತ್ತಾರೆ, ತುಂಬಾ ರಸಭರಿತ, ಬಿಡಬೇಡಿ.

ಅಲ್ಲಿಂದ ಮುಂದೆ ನಾನು ಹೊರಟದ್ದು ಲೋಯಾಂಗ್‌ಗೆ. ವೇಗದ ರೈಲು ಹ್ವಾ ಬೆಟ್ಟದ ಬುಡದಲ್ಲಿ ಹಾದು ಟೋಂಗ್‌ಗ್ವಾನ್ ಸೀಮೆಯನ್ನು ಕೆಲವೇ ನಿಮಿಷದಲ್ಲಿ ದಾಟಿಬಿಡುತ್ತದೆ. ದಂಗೆ 763ರವರೆಗೆ ನಡೆಯಿತು. 755ರಲ್ಲಿ ಸರ್ಕಾರದ ಪಟ್ಟಿಯಲ್ಲಿ 5 ಕೋಟಿ 29 ಲಕ್ಷ ಜನ ಇದ್ದರು, 764ರಲ್ಲಿ 1 ಕೋಟಿ 69 ಲಕ್ಷ. ಉಳಿದವರೆಲ್ಲ ಸತ್ತರು ಅಂತಲ್ಲ. ಊರು ಬಿಟ್ಟವರು, ಪಟ್ಟಿಯಿಂದ ತಪ್ಪಿಹೋದವರು, ಸರ್ಕಾರದ ಕೈ ತಲುಪದ ಪ್ರಾಂತಗಳವರು ಬಹಳ ಜನ. ಆದರೂ ಎಷ್ಟು ಮನೆಗಳು ಹಾಳುಬಿದ್ದವು ಅಂತ ಲೆಕ್ಕ ಇಟ್ಟವರಿಲ್ಲ. ಟಾಂಗ್ ವಂಶ 907ರವರೆಗೆ ಎಳೆದುಕೊಂಡು ಹೋಯಿತು, ಹಳೆಯ ಬಲ ಮತ್ತೆ ಬರಲಿಲ್ಲ. ಲೋಯಾಂಗ್ ಶ್ವಾನ್‌ಜೋಂಗ್ ಹುಟ್ಟಿದ ಊರು. ಆದರೆ ಅಲ್ಲಿ ನೋಡಲು ಇರುವುದು ಹೆಚ್ಚಾಗಿ ಅವನ ಅಜ್ಜಿಯ ಕಾಲದ್ದು. ಅವಳ ಬಗ್ಗೆ ಬೇರೆಯಾಗಿಯೇ ಬರೆಯುತ್ತೇನೆ.